ಯಂತ್ರದ ಮೂಗಿಗೆ ಹತ್ತಿ

ನಮ್ಮ ಕಡೆ ಮೂಗಿಗೆ ಹತ್ತಿ ಇಡುವುದು ಉಸಿರು ನಿಂತ ಮೇಲೆ. ಚೀನಾದ ಶಿಯಾನ್ ನಗರದಲ್ಲಿ 2016ರಲ್ಲಿ ಈ ಸಂಸ್ಕಾರ ಹಿಂದುಮುಂದಾಯಿತು. ಗಾಳಿಯ ಮಾಲಿನ್ಯ ಅಳೆಯುತ್ತ ಚೆನ್ನಾಗಿ ಉಸಿರಾಡಿಕೊಂಡಿದ್ದ ಯಂತ್ರದ ಮೂಗಿಗೇ ಹತ್ತಿ ತುರುಕಿದರು. ತುರುಕಿದವರು ಹೊಗೆ ಕಾರುವ ಕಾರ್ಖಾನೆಯವರಾಗಿದ್ದರೆ ಸುದ್ದಿಯೇ ಅಲ್ಲ. ಅವರು ಪರಿಸರ ಇಲಾಖೆಯ ಸಂಬಳ ಉಣ್ಣುವ ಜನ. ಹತ್ತಿ ಕೂತ ಗಂಟೆಯೊಳಗೆ ಊರಿನ ಗಾಳಿ ಚೊಕ್ಕವಾಯಿತು. ಆ ಗಾಳಿ ಕುಡಿಯುತ್ತಿದ್ದವರಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ.

ಯಂತ್ರದ ಅಂಗರಚನೆ ಗೊತ್ತಿಲ್ಲದವರಿಗೆ ಈ ಚಿಕಿತ್ಸೆಯ ಸೊಗಸು ತಿಳಿಯುವುದಿಲ್ಲ. ಛಾವಣಿಯಿಂದ ಒಂದು ಕೊಳವೆ ಮೇಲೆದ್ದಿರುತ್ತದೆ, ತಲೆಗೊಂದು ಟೋಪಿ. ಕೆಳಗಿನ ಪಂಪು ನಿಮಿಷಕ್ಕೆ 16.7 ಲೀಟರ್, ಅಂದರೆ ಗಂಟೆಗೆ ಒಂದು ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತದೆ. ದಾರಿಯಲ್ಲಿ ಗಾಳಿಗೆ ಗಿರಕಿ ಹೊಡೆಸಿದಾಗ ದಪ್ಪ ದೂಳು ಬದಿಗೆ ಬೀಳುತ್ತದೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಫಿಲ್ಟರ್ ಪಟ್ಟಿಯ ಮೇಲೆ ಬಂದು ಕೂರುತ್ತವೆ. ಪಟ್ಟಿಯ ಒಂದು ಬದಿಯಿಂದ ಬೀಟಾ ಕಿರಣ ಬಿಡುತ್ತಾರೆ, ಇನ್ನೊಂದು ಬದಿಯಲ್ಲಿ ಎಣಿಸುತ್ತಾರೆ. ದೂಳು ಹೆಚ್ಚಿದಷ್ಟೂ ದಾಟಿ ಬರುವ ಕಿರಣ ಕಡಿಮೆ. ಗಂಟೆಗೊಂದು ಅಂಕಿ ತಯಾರಾಗಿ ಬೀಜಿಂಗಿಗೆ ಓಡುತ್ತದೆ. ಆ ದಿನಗಳಲ್ಲಿ 338 ನಗರಗಳಲ್ಲಿ ಇಂಥ 1436 ರಾಷ್ಟ್ರೀಯ ಮೂಗುಗಳಿದ್ದವು. ಆ ಅಂಕಿಗಳಿಂದ ನಗರಗಳಿಗೆ ರ‍್ಯಾಂಕ್ ಕೊಡುತ್ತಿದ್ದರು, ಚೊಕ್ಕ ಹತ್ತು ಮತ್ತು ಕೊಳಕು ಹತ್ತು ಎಂದು ಪಟ್ಟಿ ಹಾಕುತ್ತಿದ್ದರು. ಪಟ್ಟಿಯ ಬಾಲದಲ್ಲಿ ಕೂತ ಊರಿನ ಅಧಿಕಾರಿಗೆ ಬಡ್ತಿಯ ಆಸೆ ಬಿಟ್ಟುಹೋಗುತ್ತಿತ್ತು.

ಇನ್ನು ಆ ಅಧಿಕಾರಿಯ ಲೆಕ್ಕ ನೋಡಿ. ಉಕ್ಕಿನ ಕಾರ್ಖಾನೆಯ ಚಿಮಣಿಗೆ ಗಂಧಕ ತೆಗೆಯುವ ಘಟಕ ಹಾಕಿಸಬೇಕು. ಅದಕ್ಕೆ ದಿನವೂ ಸುಣ್ಣದಕಲ್ಲಿನ ರಾಡಿ ಉಣಿಸಬೇಕು, ಕರೆಂಟು ಸುರಿಯಬೇಕು, ಹೊರಬಿದ್ದ ಜಿಪ್ಸಂ ಸಾಗಿಸಬೇಕು, ರಾತ್ರಿ ಮಾಲೀಕ ಆಫ್ ಮಾಡದಂತೆ ಕಾವಲು ಕೂರಬೇಕು. ಹತ್ತಿಗೆ ಇಷ್ಟೆಲ್ಲ ಯಾಕೆ? ಒಂದು ಹಿಡಿ ಸಾಕು, ಏಣಿಯೊಂದಿದ್ದರೆ ಆಯಿತು. ಪರಿಸರ ಅರ್ಥಶಾಸ್ತ್ರದಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ ಶುದ್ಧೀಕರಣ ಇನ್ನೂ ಕಂಡುಹಿಡಿದಿಲ್ಲ.

ಆದರೂ ಕೈಚಳಕ ಬೇಕು. ಬಿಗಿಯಾಗಿ ತುರುಕಿದರೆ ಪಂಪಿಗೆ ಏದುಸಿರು ಹತ್ತಿ ಹರಿವಿನ ಅಲಾರಂ ಕೂಗುತ್ತದೆ. ಸಡಿಲ ಬಿಟ್ಟರೆ ದೂಳು ನುಸುಳಿ ಮಾಡಿದ್ದೆಲ್ಲ ವ್ಯರ್ಥ. ಹದವಾಗಿ ಇಟ್ಟರೂ ದ್ರೋಹಿಗಳು ಪಕ್ಕದಲ್ಲೇ ಇರುತ್ತಾರೆ. ಐದಾರು ಕಿಲೋಮೀಟರ್ ಆಚೆಯ ಮಾಪನ ಕೇಂದ್ರದ ಗ್ರಾಫಿನ ಗೆರೆ ಬೆಟ್ಟ ಹತ್ತುತ್ತಿರುವಾಗ ನಿಮ್ಮ ಗೆರೆ ಚಾಪೆ ಹಾಸಿ ಮಲಗಿರುತ್ತದೆ. ಅನಿಲ ಅಳೆಯುವ ಕೊಳವೆ ಬೇರೆ ಇರುತ್ತದೆ. ಅಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತಿದ್ದು ಇಲ್ಲಿ ದೂಳು ಇಳಿಯುತ್ತಿದ್ದರೆ, ಹೊಗೆಯಿಲ್ಲದ ಬೆಂಕಿ ನಿಮ್ಮೂರಿನಲ್ಲಿ ಮಾತ್ರ ಉರಿಯುತ್ತಿದೆ ಎಂದು ಒಪ್ಪಬೇಕಾಗುತ್ತದೆ. ಶಿಯಾನ್‌ನಲ್ಲಿ ಕೇಂದ್ರವನ್ನು ವಿಶ್ವವಿದ್ಯಾಲಯದ ಆವರಣಕ್ಕೆ ಸ್ಥಳಾಂತರಿಸಿದಾಗ ಅಧಿಕಾರಿ ಬೀಗದ ಕೈಯ ನಕಲು ಇಟ್ಟುಕೊಂಡಿದ್ದರು, ಕಂಪ್ಯೂಟರಿನ ಪಾಸ್‌ವರ್ಡನ್ನು ಬಾಯಿಪಾಠ ಮಾಡಿಕೊಂಡಿದ್ದರು. ಕಳ್ಳತನ ಬಯಲಾಗುವ ಸುಳಿವು ಸಿಕ್ಕಾಗ ಕ್ಯಾಮೆರಾದ ದೃಶ್ಯಗಳನ್ನೂ ಅಳಿಸಿದರು. ಇಷ್ಟು ಶ್ರದ್ಧೆಯನ್ನು ಚಿಮಣಿಗಳ ಮೇಲೆ ಇಟ್ಟಿದ್ದರೆ, ಬಿಡಿ, ಅದು ಅವರ ಕೆಲಸವಾಗಿರಲಿಲ್ಲ. ಅಲ್ಲಲ್ಲ, ಅದೇ ಅವರ ಕೆಲಸವಾಗಿತ್ತು.

2017ರ ಜೂನ್‌ನಲ್ಲಿ ಏಳು ಜನರಿಗೆ ಶಿಕ್ಷೆಯಾಯಿತು. ಯಾವ ಅಪರಾಧಕ್ಕೆ? ಜನರಿಗೆ ಸುಳ್ಳು ಹೇಳಿದ್ದಕ್ಕಲ್ಲ, ಶ್ವಾಸಕೋಶಗಳ ಲೆಕ್ಕಕ್ಕೂ ಅಲ್ಲ. ‘ಕಂಪ್ಯೂಟರ್ ಮಾಹಿತಿ ವ್ಯವಸ್ಥೆಯನ್ನು ಹಾಳುಗೆಡವಿದ ಅಪರಾಧ’ಕ್ಕೆ. ಹತ್ತಿಯನ್ನು ವೈರಸ್ ಎಂದು ಘೋಷಿಸಿದ ಮೊದಲ ನ್ಯಾಯಾಲಯ ಬಹುಶಃ ಅದೇ ಇರಬೇಕು. ತಮಾಷೆ ಬದಿಗಿಟ್ಟು ಹೇಳುವುದಾದರೆ, ಕೈಗೆ ಸಿಕ್ಕ ಕಾನೂನಿನಲ್ಲಿ ಜೈಲಿಗೆ ಕಳಿಸಬಲ್ಲ ಗಟ್ಟಿ ಸೆಕ್ಷನ್ ಅದೊಂದೇ ಆಗಿತ್ತು.

ಪಾಠ ಕಲಿಯಬೇಕಾದವರು ಕಲಿತರು, ಆದರೆ ಬೇರೆ ಪಾಠ. ಶಾಂಕ್ಸಿ ಪ್ರಾಂತ್ಯದ ಕಲ್ಲಿದ್ದಲ ಊರು ಲಿನ್‌ಫೆನ್. 2017ರ ಜನವರಿ 4ರಂದು ಅಲ್ಲಿ ಗಂಧಕದ ಡೈಆಕ್ಸೈಡ್ ಒಂದು ಗಂಟೆಯ ಲೆಕ್ಕದಲ್ಲಿ ಘನ ಮೀಟರಿಗೆ 1303 ಮೈಕ್ರೋಗ್ರಾಂ ಮುಟ್ಟಿತು. ಊರಿನವರನ್ನು ಬೀಜಿಂಗಿನವರು ಕರೆಸಿ ಮಂಗಳಾರತಿ ಎತ್ತಿದರು. ಲಿನ್‌ಫೆನ್ ತಕ್ಷಣ ಕ್ರಮ ಕೈಗೊಂಡಿತು. ಶಿಯಾನ್‌ನ ತೀರ್ಪು ಬರುವ ಮೊದಲೇ, ಅದೇ ಏಪ್ರಿಲ್‌ನಿಂದ, ಊರಿನ ಆರು ಕೇಂದ್ರಗಳ ಮೂಗು ಮುಚ್ಚುವುದು, ನೀರು ಚಿಮುಕಿಸುವುದು ಶುರುವಾಯಿತು. ತೀರ್ಪು ಬಂದ ಮೇಲೂ ನಿಲ್ಲಲಿಲ್ಲ. ಮುಂದಿನ ಮಾರ್ಚ್‌ವರೆಗೆ ಸುಮಾರು ನೂರು ಸಲ. ಅದರಲ್ಲಿ 53 ಸಲ ಅಂಕಿ ಗಂಭೀರವಾಗಿ ತಪ್ಪಿತು ಎಂದು ನ್ಯಾಯಾಲಯ ಎಣಿಸಿತು. ಉಳಿದ ಸಲ ಹತ್ತಿ ಕೆಲಸ ಮಾಡಲಿಲ್ಲವೆಂದರ್ಥ. ಸರ್ಕಾರಿ ಕಾಮಗಾರಿಯಲ್ಲಿ ಅರ್ಧಕ್ಕರ್ಧ ಫಲ ಸಿಕ್ಕರೆ ಅದು ಒಳ್ಳೆಯ ಸಾಧನೆಯೇ. 16 ಜನ ಶಿಕ್ಷೆಗೊಳಗಾದರು, ಅವರಲ್ಲಿ ಪರಿಸರ ಬ್ಯೂರೋದ ಮುಖ್ಯಸ್ಥರೂ ಇದ್ದರು.

ಹತ್ತಿ ಅಪರಾಧವಾದ ಮೇಲೆ ನೀರಿನ ಬೆಲೆ ಏರಿತು. ಲಾರಿಯ ಮೇಲೆ ಫಿರಂಗಿಯಂಥ ಫ್ಯಾನು, ಅದರ ಬಾಯಿಯಿಂದ ಹನಿಯ ಮೋಡ. ‘ಮಂಜು ಫಿರಂಗಿ’ ಎಂದು ಹೆಸರು. ಇಡೀ ಊರಿಗೆ ದೂಳು ಅಡಗಿಸಲು ತಂದದ್ದು, ಸುತ್ತು ಹಾಕುತ್ತಿದ್ದುದು ಮಾಪನ ಕೇಂದ್ರದ ಸುತ್ತಮುತ್ತ. ಗುಡಿಯ ಪ್ರದಕ್ಷಿಣೆಯಂತೆ. ಇದರಿಂದ ರಸ್ತೆಯ ದಪ್ಪ ದೂಳು ಅಡಗುವುದು ನಿಜ. ಆದರೆ ಎರಡೂವರೆ ಮೈಕ್ರಾನಿನ ಕಣ ದೊಡ್ಡ ಹನಿಯ ಪಕ್ಕದಿಂದ, ಎದುರು ಬಂದ ಎತ್ತಿನಗಾಡಿಗೆ ದಾರಿ ಬಿಡುವ ಸೈಕಲ್ಲಿನವನಂತೆ, ಗಾಳಿಯ ಜೊತೆಗೇ ಸರಿದು ಹೋಗುತ್ತದೆ. ಗಡಸು ನೀರು ಚಿಮ್ಮಿಸಿದರಂತೂ ಹನಿ ಆರಿ ಅದರ ಉಪ್ಪು ಹೊಸ ಸೂಕ್ಷ್ಮ ಕಣವಾಗಿ ಗಾಳಿಯಲ್ಲೇ ಉಳಿಯುತ್ತದೆ. ಬೇಡವಾದ ನೆಂಟರನ್ನು ಓಡಿಸಲು ಹೋಗಿ ಅವರ ತಮ್ಮಂದಿರನ್ನೂ ಊಟಕ್ಕೆ ಕರೆದಂತೆ.

ಈ ಕಲೆಯ ಶಿಖರ 2018ರ ಜನವರಿಯಲ್ಲಿ ನಿಂಗ್‌ಶಿಯಾದ ಶಿಜುಯ್‌ಶಾನ್ ನಗರದಲ್ಲಿ ಕಂಡಿತು. ಮಾಪನ ಕೇಂದ್ರ ಇದ್ದದ್ದು ಪರಿಸರ ಬ್ಯೂರೋದ ಕಟ್ಟಡದಲ್ಲೇ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಫಿರಂಗಿ ಅದಕ್ಕೇ ಗುರಿಯಿಟ್ಟಿತು. ಬೆಳಗಾಗುವಷ್ಟರಲ್ಲಿ ಕಚೇರಿ ಹಿಮದ ಅರಮನೆ. ಕಿಟಕಿಗಳಿಂದ ಇಳಿಬಿದ್ದ ಬರ್ಫದ ಕೊಕ್ಕೆಗಳು, ಗೋಡೆಗೆ ಬಿಳಿ ಕವಚ. ಫೋಟೊ ದೇಶವೆಲ್ಲ ಓಡಾಡಿತು. ದೂಳು ಅಡಗಿಸುವ ಮಾಮೂಲಿ ಕೆಲಸ ಎಂಬ ವಿವರಣೆ ಬಂತು. ಇಲಾಖೆಯ ಬೋರ್ಡಿಗೂ ಬರ್ಫ ಹಿಡಿದಿದ್ದರೆ, ವಿವರಣೆ ಕೊಟ್ಟವರು ಯಾರೆಂದೂ ತಿಳಿಯುತ್ತಿರಲಿಲ್ಲ.

ಯುನ್ನಾನ್‌ನ ಫುಮಿನ್ ಕೌಂಟಿ ಈ ದಾರಿಯಲ್ಲಿ ಹತ್ತು ವರ್ಷ ಮುಂದಿತ್ತು. ಕಲ್ಲುಗಣಿಯಿಂದ ಬೋಳಾದ ಗುಡ್ಡವನ್ನು ಹಸಿರು ಮಾಡಬೇಕಿತ್ತು. ಮಾಡಿದರು, ಹಸಿರು ಬಣ್ಣ ಬಳಿದು. 2007ರ ವರದಿಗಳ ಪ್ರಕಾರ ಖರ್ಚು 4 ಲಕ್ಷ 70 ಸಾವಿರ ಯುವಾನ್. ಅಷ್ಟು ದುಡ್ಡಿಗೆ ಎಷ್ಟೋ ಗುಡ್ಡಕ್ಕೆ ಸಸಿ ನೆಡಬಹುದಿತ್ತೆಂದು ಹಳ್ಳಿಯವರು ಗೊಣಗಿದರು. ಹಳ್ಳಿಯವರಿಗೆ ತಿಳಿಯದ ಸೂಕ್ಷ್ಮ ಒಂದಿದೆ. ಸಸಿಗೆ ನೀರು ಬೇಕು, ಬೇಲಿ ಬೇಕು, ಹತ್ತು ವರ್ಷ ಬೇಕು. ಅಧಿಕಾರಿ ಒಂದೇ ಕುರ್ಚಿಯಲ್ಲಿ ಅಷ್ಟು ವರ್ಷ ಕೂರುವುದಿಲ್ಲ.

ನ್ಯಾಯವಾಗಿ ಹೇಳಬೇಕು. ಬೀಜಿಂಗಿನ ಪಿಎಂ 2.5, ಅಂದರೆ ಆ ಎರಡೂವರೆ ಮೈಕ್ರಾನಿನ ದೂಳು, ವಾರ್ಷಿಕ ಸರಾಸರಿಯಲ್ಲಿ 2013ರಲ್ಲಿ ಘನ ಮೀಟರಿಗೆ 89.5 ಮೈಕ್ರೋಗ್ರಾಂ ಇದ್ದದ್ದು 2017ಕ್ಕೆ 58ಕ್ಕೆ, 2023ಕ್ಕೆ 32ಕ್ಕೆ ಇಳಿದದ್ದು ಹತ್ತಿಯಿಂದಲ್ಲ. ಕಲ್ಲಿದ್ದಲ ಬಾಯ್ಲರುಗಳನ್ನು ಕಿತ್ತರು, ಕಾರ್ಖಾನೆಗಳನ್ನು ಮುಚ್ಚಿದರು. ಕೀಳುವ ಉತ್ಸಾಹ ಎಷ್ಟಿತ್ತೆಂದರೆ 2017ರ ಚಳಿಗಾಲದಲ್ಲಿ ಹೆಬೆಯ್ ಪ್ರಾಂತ್ಯದ ಚೂಯಾಂಗ್ ಕೌಂಟಿಯ ಶಾಲೆಗಳಲ್ಲಿ ಕಲ್ಲಿದ್ದಲ ಒಲೆ ಹೋಯಿತು, ಬದಲಿ ಬಿಸಿ ಬರಲಿಲ್ಲ. ಮಕ್ಕಳು ಬಿಸಿಲು ಕಾಯಿಸುತ್ತ ಅಂಗಳದಲ್ಲಿ ಪಾಠ ಓದಿದರು. ಕೊನೆಗೂ ಆಕಾಶ ನೀಲಿಯಾಗಿದ್ದರಿಂದ ಬಿಸಿಲಂತೂ ಸಿಕ್ಕಿತು.

ಇದರ ನಡುವೆ ಸರ್ಕಾರೇತರ ಸಂಸ್ಥೆಗಳು ಎಂಬ ಬಡಪಾಯಿಗಳಿದ್ದಾರೆ. ಅವರ ಕೆಲಸ ಕೇಳಲು ಸಪ್ಪೆ: ಅಂಕಿ ಕೂಡಿಸುವುದು. ಪರಿಸರ ಕಾರ್ಯಕರ್ತ ಮಾ ಜುನ್ ಅವರ ಸಂಸ್ಥೆ 2006ರಿಂದ ಸರ್ಕಾರದ್ದೇ ಕಡತಗಳಿಂದ ಕಾರ್ಖಾನೆಗಳ ತಪ್ಪೊಪ್ಪುಗಳನ್ನು ಹೆಕ್ಕಿ ನಕ್ಷೆಯ ಮೇಲೆ ಚುಕ್ಕಿ ಇಡುತ್ತ ಬಂದಿದೆ. ದೊಡ್ಡ ಕಾರ್ಖಾನೆಗಳು ಚಿಮಣಿಯ ಅಂಕಿಯನ್ನು ಬಹಿರಂಗ ಮಾಡಬೇಕೆಂಬ ನಿಯಮ 2014ರಲ್ಲಿ ಬಂದಾಗ ಆ ನಕ್ಷೆ ಮೊಬೈಲಿಗೂ ಬಂತು. ಸರ್ಕಾರವೇ ಬರೆದದ್ದನ್ನು ಸರ್ಕಾರಕ್ಕೇ ಓದಿ ಹೇಳುವ ಈ ತಂತ್ರ ಬಲು ಜಾಣತನದ್ದು. ಯಾರೂ ಸಿಟ್ಟಾಗುವಂತಿಲ್ಲ. ಆದರೆ ಅಂಕಿಯೇ ಹೊರಗೆ ಬರದಿದ್ದರೆ? 2013ರಲ್ಲಿ ವಕೀಲರೊಬ್ಬರು ಮಣ್ಣಿನ ಮಾಲಿನ್ಯದ ಸಮೀಕ್ಷೆ ಕೇಳಿದರು. ಅದು ರಾಜ್ಯ ರಹಸ್ಯ ಎಂದು ಉತ್ತರ ಬಂತು. ಮುಂದಿನ ವರ್ಷ ಸಾರಾಂಶ ಹೊರಬಿತ್ತು: ಪರೀಕ್ಷಿಸಿದ ಜಾಗಗಳಲ್ಲಿ 16.1 ಶೇಕಡಾ ಮಿತಿ ಮೀರಿದ್ದವು. ಆ ಮಣ್ಣಿನಲ್ಲಿ ಬೆಳೆದ ಅಕ್ಕಿ ತಿಂದವರೆಲ್ಲ ಅಷ್ಟು ವರ್ಷ ತಿಳಿಯದೆ ದೇಶದ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದ್ದರು.

ಅಂಕಿಗೂ ಕಾಯದೆ ಬಾಯಿ ತೆರೆದವರ ಗತಿ ತಾಯ್ಹು ಕೆರೆಯ ದಂಡೆಯಲ್ಲಿ ಕಂಡಿತ್ತು. ವೂ ಲಿಹಾಂಗ್ ವರ್ಷಗಟ್ಟಲೆ ಆ ಕೆರೆಗೆ ಸೇರುವ ರಾಸಾಯನಿಕದ ಬಗ್ಗೆ ದೂರು ಬರೆದರು. 2007ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಮೇ ಕೊನೆಯಲ್ಲಿ ಕೆರೆ ಹಸಿರು ಪಾಚಿಯ ಗಂಜಿಯಾಗಿ ವೂಶಿ ನಗರದ ಸುಮಾರು 20 ಲಕ್ಷ ಜನರ ನಲ್ಲಿಯಲ್ಲಿ ನಾರಿತು. ಆಗಸ್ಟ್‌ನಲ್ಲಿ ಅವರಿಗೆ ಸುಲಿಗೆಯ ಆರೋಪದ ಮೇಲೆ ಮೂರು ವರ್ಷ. ಅದೇ ವರ್ಷ ಅದೇ ವೂಶಿಯಲ್ಲಿ ‘ನದಿ ಮುಖ್ಯಸ್ಥ’ ಎಂಬ ಹೊಸ ಹುದ್ದೆ ಹುಟ್ಟಿತು. ಒಂದೊಂದು ಹೊಳೆಗೆ ಒಬ್ಬೊಬ್ಬ ಅಧಿಕಾರಿ ಹೊಣೆ, ದಂಡೆಯಲ್ಲಿ ಅವರ ಹೆಸರು, ಫೋನ್ ನಂಬರಿನ ಫಲಕ. 2018ರ ಹೊತ್ತಿಗೆ ದೇಶದಲ್ಲಿ ಇಂಥವರು ಮೂರು ಲಕ್ಷಕ್ಕೂ ಹೆಚ್ಚು. ನದಿಗೆ ಮುಖ್ಯಸ್ಥ ಬೇಕೆಂದು ನದಿಯ ಪಕ್ಕದವನು ಮೊದಲೇ ಕೂಗಿದ್ದ, ಹುದ್ದೆಗೆ ಅರ್ಜಿ ಹಾಕಲು ಹೊರಗಿರಲಿಲ್ಲ.

ಸಂಸ್ಥೆ ಕಟ್ಟುವುದೂ ಸುಲಭವಲ್ಲ. ನೋಂದಣಿಗೆ ಮೊದಲು ಒಂದು ಸರ್ಕಾರಿ ಇಲಾಖೆ ‘ನಾನಿವರ ಮೇಲ್ವಿಚಾರಕ’ ಎಂದು ಒಪ್ಪಬೇಕು. ಚೀನಾದ ಸಂಸ್ಥೆಗಳವರು ಈ ಇಲಾಖೆಯನ್ನು ‘ಅತ್ತೆ’ ಎನ್ನುತ್ತಾರೆ. ಅತ್ತೆ ಹುಡುಕುವುದೇ ದೊಡ್ಡ ತಪಸ್ಸು. ಸೊಸೆ ಬೀದಿಯಲ್ಲಿ ಬಾಯಿ ಮಾಡಿದರೆ ಮಾತು ಬರುವುದು ಅತ್ತೆಯ ತಲೆಗೆ, ಹಾಗಾಗಿ ಯಾವ ಇಲಾಖೆಗೂ ಸೊಸೆ ಬೇಡ. ಹೊರದೇಶದ ಸಂಸ್ಥೆಗಳಿಗೆ 2017ರ ಜನವರಿ 1ರಿಂದ ಅತ್ತೆಯ ಜೊತೆಗೆ ಮಾವನೂ ಬಂದ. ಅವರ ನೋಂದಣಿ ನೋಡಿಕೊಳ್ಳುವುದು ಪೊಲೀಸ್ ಇಲಾಖೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ನಮ್ಮ ಗಾದೆಗೆ ಅಲ್ಲಿ ಇನ್ನೂ ಅರ್ಧ ಭಾಗವೇ ಅನುವಾದವಾಗಿದೆ.

ಮೊಕದ್ದಮೆ ಹೂಡುವ ಹಕ್ಕು ಬಂದದ್ದು 2015ರ ಪರಿಸರ ಕಾನೂನಿನಲ್ಲಿ. ಅದರ ಹಿಂದಿನ ಕರಡೊಂದರಲ್ಲಿ ಆ ಹಕ್ಕನ್ನು ಸರ್ಕಾರದ ಕೃಪೆಯಲ್ಲೇ ಹುಟ್ಟಿದ ಒಂದೇ ಒಂದು ಒಕ್ಕೂಟಕ್ಕೆ ಮೀಸಲಿಟ್ಟಿದ್ದರು. ಗಲಾಟೆಯಾದ ಮೇಲೆ ಬಾಗಿಲು ಅಗಲವಾಯಿತು: ಜಿಲ್ಲೆಗಳುಳ್ಳ ನಗರದ ಮಟ್ಟ ಅಥವಾ ಮೇಲೆ ನೋಂದಣಿ, ಐದು ವರ್ಷ ಸತತ ಪರಿಸರದ ಕೆಲಸ, ಕಾನೂನು ಮುರಿದ ಕಲೆ ಇರಬಾರದು. ಸುಮಾರು 700 ಸಂಸ್ಥೆಗಳು ಅರ್ಹ ಎಂದರು. ಅರ್ಹತೆಗೂ ವಕೀಲರ ಫೀಸಿಗೂ ಸಂಬಂಧವಿಲ್ಲದ್ದರಿಂದ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಬೆರಳೆಣಿಕೆ.

ಹತ್ತಿದವರಲ್ಲಿ ಎರಡು ಸಂಸ್ಥೆಗಳು ಚಾಂಗ್‌ಝೌ ಪ್ರಕರಣ ಹಿಡಿದವು. ಜಿಯಾಂಗ್ಸು ಪ್ರಾಂತ್ಯದ ಆ ನಗರದಲ್ಲಿ ಮೂರು ರಾಸಾಯನಿಕ ಕಾರ್ಖಾನೆಗಳು ಬಿಟ್ಟುಹೋದ ಜಾಗ, ಅದರ ಎದುರಿಗೇ ಹೊಸ ಶಾಲೆ. 2015ರ ಸೆಪ್ಟೆಂಬರಿನಲ್ಲಿ ಮಕ್ಕಳು ಬಂದರು. ಆ ಚಳಿಗಾಲ ಮಣ್ಣು ಅಗೆದು ಶುದ್ಧ ಮಾಡುವ ಕೆಲಸ ನಡೆದಾಗ ನೆಲದೊಳಗಿನ ವಾಸನೆ ಎದ್ದಿತು. ಅಲ್ಲಿ ಮೂಗು ಹಿಡಿದು ಅಳೆದವು ಮಕ್ಕಳ ಮೂಗುಗಳು. ತಪಾಸಣೆಯಾದ 641 ಮಕ್ಕಳಲ್ಲಿ 493 ಮಂದಿಗೆ ಚರ್ಮದ ಉರಿ, ಕೆಮ್ಮು, ರಕ್ತದ ಏರುಪೇರು ಮುಂತಾದ ತೊಂದರೆ ಇದೆಯೆಂದು ಸರ್ಕಾರಿ ಟಿವಿಯೇ 2016ರ ಏಪ್ರಿಲ್‌ನಲ್ಲಿ ಹೇಳಿತು. ಶಾಲೆಯ ಗಾಳಿ ಮಿತಿಯೊಳಗಿದೆ ಎಂದು ಸ್ಥಳೀಯ ಆಡಳಿತದ ಯಂತ್ರಗಳು ಹೇಳಿದವು.

ಸಂಸ್ಥೆಗಳು ಕಾರ್ಖಾನೆಗಳಿಂದ 37 ಕೋಟಿ ಯುವಾನ್ ಶುದ್ಧೀಕರಣದ ಖರ್ಚು ಕೇಳಿದವು. ಕೋರ್ಟ್ ಶುಲ್ಕವನ್ನು ಕೇಳಿದ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ. 2017ರ ಜನವರಿಯಲ್ಲಿ ಕೆಳ ನ್ಯಾಯಾಲಯ ಕೇಸು ತಳ್ಳಿ, ಶುಲ್ಕ 18 ಲಕ್ಷ 91 ಸಾವಿರದ 800 ಯುವಾನ್ ಕಟ್ಟಿ ಎಂದು ದೂರಿದವರಿಗೇ ಹೇಳಿತು. ವಿಷ ಸುರಿದವರಿಗೆ ಸೊನ್ನೆ, ವಿಷ ಎಂದವರಿಗೆ ಹತ್ತೊಂಬತ್ತು ಲಕ್ಷ. ಮೇಲ್ಮನವಿಯಲ್ಲಿ, 2018ರ ಡಿಸೆಂಬರಿನಲ್ಲಿ, ಪ್ರಾಂತ್ಯದ ಉಚ್ಚ ನ್ಯಾಯಾಲಯ ಅದನ್ನು ತಿರುಗಿಸಿತು. ಸಂಸ್ಥೆಗಳಿಗೆ ತಲಾ 2 ಲಕ್ಷ 30 ಸಾವಿರ ಖರ್ಚು ಕೊಡಿಸಿತು. ನೆಲ ಚೊಕ್ಕ ಮಾಡುವ ಕೆಲಸ ಸರ್ಕಾರವೇ ಹಿಡಿದಿರುವುದರಿಂದ ಆ 37 ಕೋಟಿ ಕಾರ್ಖಾನೆಗಳು ಕೊಡಬೇಕಿಲ್ಲ, ರಾಷ್ಟ್ರಮಟ್ಟದ ಮಾಧ್ಯಮದಲ್ಲಿ ಕ್ಷಮೆ ಕೇಳಿದರೆ ಸಾಕು ಎಂದಿತು. 18 ಲಕ್ಷದ ಶುಲ್ಕ ಹೊಸ ಲೆಕ್ಕದಲ್ಲಿ ಒಂದೊಂದು ಹಂತಕ್ಕೆ 100 ಯುವಾನ್ ಆಯಿತು. ಅದನ್ನು ಕಟ್ಟುವ ಹೊಣೆ ಮೂರು ಕಾರ್ಖಾನೆಗಳದು, ಹಂಚಿಕೊಂಡು.