ಥಂಡಿಗೆ ವರ್ಗಾವಣೆ ಇಲ್ಲ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಕಚೇರಿಗಳಲ್ಲಿ ಹೊಸ ಯಂತ್ರ ಬಂದಾಗೆಲ್ಲ ಸಿಬ್ಬಂದಿಗೆ ತರಬೇತಿ ಕೊಟ್ಟರು. ಮಲೆನಾಡಿನ ಮಳೆಯ ಥಂಡಿಗೆ ಯಾರೂ ಕೊಡಲಿಲ್ಲ, ಆದರೂ ಅದೇ ಎಲ್ಲರಿಗಿಂತ ಬೇಗ ಕಲಿಯಿತು.

ಟೈಪ್‌ರೈಟರ್ ಕಾಲದಲ್ಲಿ ಮೂಲಪ್ರತಿಯ ಕೆಳಗೆ ಕಾರ್ಬನ್, ಅದರ ಕೆಳಗೆ ತೆಳು ಹಾಳೆ, ಮತ್ತೆ ಕಾರ್ಬನ್. ನಾಲ್ಕನೆಯ ಪ್ರತಿ ಓದಲು ಕನ್ನಡಕ ಸಾಕು, ಐದನೆಯದಕ್ಕೆ ಜ್ಯೋತಿಷಿಯೇ ಬೇಕು. ಕಾರ್ಬನ್ನಿನ ಹೊಳೆಯುವ ಮೈ ಕೆಳಮುಖವಾಗಿರಬೇಕು. ಗಡಿಬಿಡಿಯಲ್ಲಿ ಮೇಲ್ಮುಖವಾಯಿತೋ, ಮೂಲಪ್ರತಿಯ ಬೆನ್ನಿಗೆ ಕನ್ನಡಿಬರಹ ಮೂಡುತ್ತದೆ, ಕೆಳಗಿನ ಹಾಳೆ ಹಾಲಿನಷ್ಟು ಬೆಳ್ಳಗಿರುತ್ತದೆ. ಆ ಖಾಲಿ ಹಾಳೆಗೂ ಪುಟಸಂಖ್ಯೆ ಬಿದ್ದು, ದಾರ ಪೋಣಿಸಿಕೊಂಡು, ಕಡತದಲ್ಲಿ ಮರ್ಯಾದೆಯಿಂದ ಕೂತದ್ದುಂಟು.

ಸುತ್ತೋಲೆಯಾದರೆ ಸ್ಟೆನ್ಸಿಲ್ಲೇ ಗತಿ: ಮೇಣದ ಹಾಳೆಯಲ್ಲಿ ಅಕ್ಷರ ಕೊರೆದು, ಆ ಗೀರಿನ ಮೂಲಕ ಮಸಿ ಇಳಿಸಿ ಪ್ರತಿ ತೆಗೆಯುವುದು. ರಿಬ್ಬನ್ನಿನ ಕೀಲನ್ನು ಬಿಳಿ ಚುಕ್ಕೆಗೆ ತಂದು ರಿಬ್ಬನ್ ತಪ್ಪಿಸಬೇಕು. ಅಚ್ಚುಗಳಲ್ಲಿ ಕೂತ ಮಸಿಯನ್ನು ಬ್ರಷ್ಷಿನಿಂದ ತೆಗೆಯಬೇಕು. ಆಮೇಲೆ ಬರಿಯ ಅಚ್ಚು ಮೇಣದ ಹಾಳೆಯನ್ನು ಕೊರೆಯುತ್ತದೆ. ಇಂಗ್ಲಿಷಿನವರಿಗೆ ‘ಓ’ ಒಂದರದ್ದೇ ಭಯ, ಅದರ ಹೊಟ್ಟೆ ಕತ್ತರಿಸಿ ಬೀಳುತ್ತದೆ. ನಮ್ಮ ಲಿಪಿಯೋ ಪೂರ್ತಿ ಚಕ್ಕುಲಿ. ಸ್ವಲ್ಪ ಜೋರಾಗಿ ಕುಟ್ಟಿದರೆ ‘ಠ’ ಇದ್ದಲ್ಲಿ ತೂತು, ಮಸಿ ಹಚ್ಚಿದರೆ ಕಾಡಿಗೆ ಬೊಟ್ಟು. ಆರದೆ ಹೊಯ್ಯುವ ಆರಿದ್ರಾ ಮಳೆಯಲ್ಲಿ ಹಾಳೆಗಳು ಎರಡೆರಡು ಜೋಡಿಯಾಗಿ ಪ್ರತಿ ತೆಗೆಯುವ ಯಂತ್ರದ ಒಳಹೋಗುತ್ತಿದ್ದವು. ಮಸಿ ಒಣಗದೆ ಒಂದರ ವಿಷಯ ಇನ್ನೊಂದರ ಬೆನ್ನಿಗೆ ಅಂಟುತ್ತಿತ್ತು.

ಕಂಪ್ಯೂಟರ್ ಬಂದ ಮೇಲೆ ಪತ್ರ 1.44 ಎಂಬಿ ಫ್ಲಾಪಿಯಲ್ಲಿ ಚಿಕ್ಕಮಗಳೂರಿಗೆ ಹೊರಟಿತು. ಫ್ಲಾಪಿಗೆ ಬೂಷ್ಟು ಹಿಡಿಯದಿದ್ದರೆ ಅದೇ ಪುಣ್ಯ. ಅಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಇಂಗ್ಲಿಷಿನ ‘ಪಿ’, ತಲೆಗೆ ಗೀರು ಬಿದ್ದ ‘ಎ’, ಪೌಂಡಿನ ಗುರುತು ಎಂದೇ ಶುರು! ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟು ನಮ್ಮ ಅಕ್ಷರದ ತುಂಡುಗಳನ್ನು ರೋಮನ್ ಅಕ್ಷರಗಳ ಕುರ್ಚಿಯಲ್ಲಿ ಕೂರಿಸಿತ್ತು. ಆ ಫಾಂಟಿಲ್ಲದ ಕಂಪ್ಯೂಟರಿಗೆ ಕಾಣುವುದು ಕುರ್ಚಿಯ ಯಜಮಾನ ಮಾತ್ರ. ಕನ್ನಡಕ್ಕೆ ಅದರದ್ದೇ ಕುರ್ಚಿ ಕೊಟ್ಟ ಯೂನಿಕೋಡ್ ಬಂದ ಮೇಲೂ ಹಳೆಯ ಕಡತ ತೆರೆದವರಿಗೆ ಈ ಪೌಂಡಿನ ದರ್ಶನ ತಪ್ಪಿಲ್ಲ.

ಇನ್ನು ಜೆರಾಕ್ಸ್. ಅದರಲ್ಲಿ ಮಸಿಯ ಪುಡಿ ಹಾಳೆಗೆ ದಾಟುವುದೇ ವಿದ್ಯುದಾವೇಶದಿಂದ. ಥಂಡಿ ಹೀರಿದ ಹಾಳೆಯಲ್ಲಿ ಆವೇಶ ನಿಲ್ಲುವುದಿಲ್ಲ, ಅಕ್ಷರ ಅಲ್ಲಲ್ಲಿ ಮಾಯ. ಮುಂದೆ ಬಿಸಿ ರೋಲರಿಗೆ ಸಿಕ್ಕಾಗ ತೇವ ಆವಿಯಾಗಿ ಹಾಳೆ ಹಪ್ಪಳದ ಹಾಗೆ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ. ಆಗ ಮೆಕ್ಯಾನಿಕ್ಕಿಗಿಂತ ಮೊದಲು ಓಡಿಬರುವವರು ಎಳೆಯುವವರು. ಹಾಳೆ ಹೋಗುವ ದಿಕ್ಕಿಗೇ, ಎರಡೂ ಕೈಯಲ್ಲಿ, ನಿಧಾನ ಎಳೆಯಬೇಕು. ಹಿಂದಕ್ಕೆ ಜಗ್ಗಿದರೆ ಹರಿದು, ಉಗುರಗಲದ ಚೂರು ಒಳಗುಳಿದು, ಮುಂದಿನ ಪ್ರತಿಯನ್ನೆಲ್ಲ ತಡೆಯುತ್ತದೆ. ರೀಮಿನ 500 ಹಾಳೆಯನ್ನು ಒಮ್ಮೆಗೇ ಟ್ರೇಗೆ ಸುರಿಯದೆ, ಬೇಕಾದಷ್ಟೇ ತೆಗೆದು, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಅರ್ಧ ಜಗಳ ಕಡಿಮೆ. ಬೀರುವಿನಲ್ಲಿ 40 ವ್ಯಾಟಿನ ಬಲ್ಬು ಉರಿಸಿದರೆ ಇನ್ನೂ ವಾಸಿ, ಬಾಗಿಲ ಸಂದಿಯಲ್ಲಿ ಬೆಳಕು ಕಂಡು ಕಾವಲುಗಾರ ಗಾಬರಿಯಾಗದಿದ್ದರೆ.

ಈಗ ಹಾಜರಿಗೆ ಬೆರಳಿನ ಗುರುತು ಓದುವ ಯಂತ್ರ. ಕೊಡೆ ಮಡಚಿ ಬಂದ ಒದ್ದೆ ಬೆರಳಿನ ಗೆರೆಗಳ ನಡುವೆ ನೀರು ನಿಂತು, ಯಂತ್ರಕ್ಕೆ ಬರಿಯ ಕಲೆ ಕಾಣುತ್ತದೆ. ಪ್ಯಾಂಟಿಗೆ ಒರೆಸಿ, ಕರ್ಟನ್ನಿಗೆ ಒರೆಸಿ, ಉಫ್ ಎಂದು ಊದಿ ಮತ್ತೆ ಒತ್ತುತ್ತಾರೆ. ಗಂಟೆ ಹತ್ತು ದಾಟಿದರೂ ಯಂತ್ರ ಒಪ್ಪದಿದ್ದರೆ ಖಾನೆಯಿಂದ ಹಳೆಯ ಹಾಜರಿ ಪುಸ್ತಕ ಹೊರಬರುತ್ತದೆ. ಅದರ ಹಾಳೆಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ.