ಟೋಪಿ ಹಾಕಿಕೊಂಡು ನಿಂತವನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ತಂಡದ ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮೊಣಕಾಲು ಹಿಡಿದುಕೊಂಡು ಬಿದ್ದ ಅನ್ನಿ. ವೈದ್ಯರು ಅವನ ಹತ್ತಿರ ಹೋಗುವ ಮೊದಲೇ ಟಿ.ವಿ. ಕ್ಯಾಮೆರಾ ಮೈದಾನದ ಅಂಚಿಗೆ ಓಡಿ, ಟೋಪಿ ಹಾಕಿಕೊಂಡು ನಿಂತ ಇನ್ನೊಬ್ಬನನ್ನು ಹುಡುಕುತ್ತದೆ. ಅವನು ಟೋಪಿ ಬಿಸಾಡಿ, ಹೆಲ್ಮೆಟ್ ಏರಿಸಿ, ಪಕ್ಕದವನಿಗೆ ನಾಲ್ಕು ಚೆಂಡು ಎಸೆಯುವಷ್ಟರಲ್ಲಿ ಕಾಮೆಂಟರಿಯವನ ಬಾಯಿಂದ ಆ ಮಾತು ಬಂದೇ ಬರುತ್ತದೆ: ಇಷ್ಟು ದಿನ ಬೆಂಚು ಕಾಯುತ್ತಿದ್ದವನಿಗೆ ಈಗ ಅವಕಾಶ!

ಬೆಂಚಂತೆ ಬೆಂಚು. ಬ್ಯಾಕಪ್ (ಬದಲಿ ಕ್ವಾರ್ಟರ್‌ಬ್ಯಾಕ್) ಎಂಬ ಪ್ರಾಣಿ ಕೂರುವುದೇ ಕಡಿಮೆ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಕೋಚ್ ಕೂಗುವ ಪ್ರತಿ ಪ್ಲೇಯನ್ನೂ (ಮುಂದಿನ ನಡೆಯ ಯೋಜನೆ) ಕಣದೊಳಗಿದ್ದಂತೆಯೇ ಕೇಳುತ್ತ ನಿಂತಿರುತ್ತಾನೆ. ಕಣದಲ್ಲಿರುವವನ ಹೆಲ್ಮೆಟ್‌ನೊಳಗಿನ ರೇಡಿಯೊ, ಮುಂದಿನ ಪ್ಲೇ ಶುರುಮಾಡಲು ಕೊಡುವ 40 ಸೆಕೆಂಡಿನ ಗಡಿಯಾರದಲ್ಲಿ 15 ಉಳಿಯುತ್ತಿದ್ದಂತೆ ತಾನಾಗಿ ಸತ್ತುಹೋಗುತ್ತದೆ. ಅದಕ್ಕೂ ಮೊದಲೇ ಸತ್ತರೆ ಕೈಸನ್ನೆಯಲ್ಲಿ ಸುದ್ದಿ ಮುಟ್ಟಿಸುವ ಪಾಡು ಸಾಮಾನ್ಯವಾಗಿ ಇವನದೇ. ಮಧ್ಯೆ ಬಿಡುವಾದರೆ ಟ್ಯಾಬ್ಲೆಟ್ಟಿನ ಚಿತ್ರ ತೋರಿಸಿ, ‘ನೋಡು, ಇವನು ಒಳಗೆ ನುಗ್ಗುವ ಮೊದಲು ಎಡಗಾಲು ಹಿಂದಿಡುತ್ತಾನೆ’ ಎಂದು ಚಾಡಿ ಹೇಳಬೇಕು.

ಇದು ಆಟದ ದಿನದ ಮಾತಾಯಿತು. ವಾರವಿಡೀ ಅವನದು ಹಗಲುವೇಷ. ಅಭ್ಯಾಸದಲ್ಲಿ ಸ್ವಂತ ತಂಡದ ಸ್ನ್ಯಾಪುಗಳನ್ನೆಲ್ಲ (ಪ್ಲೇ ಶುರುಮಾಡಲು ಚೆಂಡನ್ನು ಹಿಂದಕ್ಕೆ ದಾಟಿಸುವುದೇ ಸ್ನ್ಯಾಪ್) ಹೆಚ್ಚುಕಡಿಮೆ ಮೊದಲನೆಯವನೇ ನುಂಗುತ್ತಾನೆ. ಬ್ಯಾಕಪ್ ಮಾತ್ರ ಭಾನುವಾರದ ಎದುರಾಳಿಯಾಗಿ ಕುಣಿಯಬೇಕು. ಸಹಾಯಕ ಕೋಚ್ ಒಂದು ಕಾರ್ಡು ಎತ್ತಿ ಹಿಡಿಯುತ್ತಾನೆ. ಚೆಂಡು ಹೋಗಬೇಕಾದ ಕಡೆ ಅದರಲ್ಲಿ ಗೀಟು. ಇನ್ನೊಬ್ಬ ಖಾಲಿ ನಿಂತು ಕೈ ಬೀಸುತ್ತಿದ್ದರೂ ಗೀಟಿದ್ದ ಕಡೆಗೇ ಎಸೆಯಬೇಕು. ಚೆಂಡು ಕರೆಯುವ ಕೂಗಿನ ಲಯ ಕೂಡ ಆ ಎದುರಾಳಿಯದೇ ಇರಬೇಕು. ಹೀಗೆ ತನ್ನ ತಂಡದ ಆಟವನ್ನು ಕಾಗದದಲ್ಲಿ ಓದಿ, ಕಂಡವರ ಆಟವನ್ನು ಮೈಮೇಲೆ ಬರಿಸಿಕೊಂಡವನು, ಕರೆ ಬಂದ ಕ್ಷಣ ತಾನಾಗಿಬಿಡಬೇಕು. ಇದರಲ್ಲೊಂದು ದೊಡ್ಡ ತತ್ತ್ವ ಅಡಗಿದೆ. ಅದು ಹಾಗಿರಲಿ, ಈಗ ಹೋಲ್ಡರ್ ಬಗ್ಗೆ ಎರಡು ಮಾತು.

ಅಂಕಕ್ಕಾಗಿ ಕಿಕರ್ ಗೋಲ್‌ಕಂಬಗಳ ನಡುವೆ ಒದೆಯುವಾಗ ಚೆಂಡನ್ನು ನೆಲಕ್ಕೆ ನಿಲ್ಲಿಸಿ ಹಿಡಿಯುವ ಕೆಲಸ ಹಿಂದೆ ಬಹುಪಾಲು ಬ್ಯಾಕಪ್‌ನದೇ. ಸ್ನ್ಯಾಪ್ ಮಾಡುವವನಿಂದ ಏಳೆಂಟು ಗಜ ಹಿಂದೆ ಮಂಡಿಯೂರಬೇಕು. ಸ್ನ್ಯಾಪ್‌ನಿಂದ ಒದೆತದವರೆಗೆ ಇರುವುದು ಸುಮಾರು 1.3 ಸೆಕೆಂಡ್, ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಚೆಂಡು ಗಾಳಿಯಲ್ಲೇ ಕಳೆಯುತ್ತದೆ. ಉಳಿದದ್ದರಲ್ಲಿ ಹಿಡಿದು, ಗುರುತಿಟ್ಟ ಜಾಗಕ್ಕೆ ತುದಿ ಊರಿ, ಚೆಂಡಿನ ಹೊಲಿಗೆದಾರ (ಲೇಸು) ಗೋಲ್‌ಕಂಬದ ಕಡೆ ತಿರುಗಿಸಿ, ಕಿಕರ್ ಕೇಳಿದಷ್ಟೇ ಓರೆ ಮಾಡಿ, ತಲೆಯ ಮೇಲೆ ಒಂದು ಬೆರಳಿಡಬೇಕು. ಲೇಸು ಪಕ್ಕಕ್ಕಿದ್ದರೆ ಚೆಂಡು ದಾರಿ ತಪ್ಪಬಹುದು. ಕಾಲಿಗೇ ಸಿಕ್ಕರೆ ಒದೆತ ಕೆಡಬಹುದು. ಎಲ್ಲ ಸರಿಹೋದರೆ ಚಪ್ಪಾಳೆ ಕಿಕರ್‌ಗೆ. ಕೆಟ್ಟರೆ ಮಾತ್ರ ಎಲ್ಲರಿಗೂ ಹೋಲ್ಡರ್‌ನ ಹೆಸರು ನೆನಪಾಗುತ್ತದೆ.

ಡಲ್ಲಾಸ್‌ನ ಟೋನಿ ರೋಮೋನನ್ನು ಕೇಳಿ. ಬ್ಯಾಕಪ್ ಆಗಿದ್ದಾಗ ಹಿಡಿದ ಈ ಕೆಲಸವನ್ನು, 2006ರ ಋತುವಿನ ಮಧ್ಯೆ ಮೊದಲ ಸ್ಥಾನಕ್ಕೆ ಬಡ್ತಿ ಸಿಕ್ಕ ಮೇಲೂ ಬಿಡಲಿಲ್ಲ. 2007ರ ಜನವರಿ 6, ಸಿಯಾಟಲ್. 20–21ರ ಹಿನ್ನಡೆ, ಉಳಿದದ್ದು ಒಂದೂಕಾಲು ನಿಮಿಷ ಚಿಲ್ಲರೆ, ಬರೀ 19 ಗಜದ ಒದೆತ. ಸ್ನ್ಯಾಪ್ ನೆಟ್ಟಗೇ ಬಂತು, ಕೈಯಿಂದ ಜಾರಿತು. ಎತ್ತಿಕೊಂಡು ಓಡಿದ, ಗೋಲ್‌ಗೆರೆಯ ಹೊಸ್ತಿಲಲ್ಲೇ ಉರುಳಿದ. ಸೋಲು.

ಈಗ ಈ ಕೆಲಸ ಬಹುಪಾಲು ಪಂಟರ್‌ಗಳ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವವರ) ಪಾಲು. ಕಿಕರ್, ಪಂಟರ್, ಸ್ನ್ಯಾಪರ್ ಮೂವರೂ ದಿನವಿಡೀ ಬದಿಯಲ್ಲಿ ಒಟ್ಟಿಗೇ ಇರುತ್ತಾರೆ, ಸಾವಿರ ಸಲ ತಾಲೀಮು ಮಾಡುತ್ತಾರೆ. ಆ ಹೊತ್ತಿಗೆ ಕ್ವಾರ್ಟರ್‌ಬ್ಯಾಕ್‌ಗಳು ಮೀಟಿಂಗಿನಲ್ಲಿ. ಲೆಕ್ಕ ಸರಿಯೇ. ಆದರೂ, ಸ್ನ್ಯಾಪ್ ಕೆಟ್ಟಾಗ ಎದ್ದು ಚೆಂಡು ಎಸೆಯಬೇಕಾದರೆ ಯಾರಿರಬೇಕು ಹೇಳಿ? ಪಾಪ, ಮೈಗೆ ಮಣ್ಣು ಹತ್ತಲು ಇದ್ದ ಒಂದು ನೆಪವನ್ನೂ ಕಿತ್ತುಕೊಂಡರು.

ಬ್ಯಾಕಪ್ ಎಂದೊಡನೆ ಎಲ್ಲರೂ 2018ರ ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದ ನಿಕ್ ಫೋಲ್ಸ್ ಹೆಸರು ಹೇಳಿ ಗದ್ಗದಿತರಾಗುತ್ತಾರೆ. ನನ್ನ ಮಟ್ಟಿಗೆ ಈ ಕುಲದ ಮೂಲಪುರುಷ ಅರ್ಲ್ ಮೊರಾಲ್. 1971ರ ಜನವರಿಯ ಸೂಪರ್ ಬೌಲ್‌ನಲ್ಲಿ ಜಾನಿ ಯುನೈಟಸ್ ಗಾಯಗೊಂಡಾಗ ಬಾಲ್ಟಿಮೋರ್ ಪರ ಒಳಗೆ ಬಂದವನು ಅವನು. 13–13, ಕೊನೆಯ ಸೆಕೆಂಡುಗಳು, 32 ಗಜದ ಒದೆತ. ಹೊಸ ಹುಡುಗ ಜಿಮ್ ಓಬ್ರಿಯನ್ ಗಾಳಿ ನೋಡಲು ಹುಲ್ಲು ಕೀಳಲು ಹೋದನಂತೆ. ಇದು ಪ್ಲಾಸ್ಟಿಕ್ ಹುಲ್ಲು ಕಣಪ್ಪ, ಸುಮ್ಮನೆ ಒದಿ ಎಂದದ್ದು ಹೋಲ್ಡರ್ ಮೊರಾಲ್. ಗೆದ್ದರು.

ಮುಂದಿನ ವರ್ಷ ಬಾಲ್ಟಿಮೋರ್ ಕೈಬಿಟ್ಟಿತು. ಹಳೆಯ ಕೋಚ್ ಡಾನ್ ಶೂಲಾ 100 ಡಾಲರ್ ಕಟ್ಟಿ ಮಯಾಮಿಗೆ ಕರೆಸಿಕೊಂಡ. 1972ರ ಐದನೆಯ ಪಂದ್ಯದಲ್ಲಿ ಬಾಬ್ ಗ್ರೀಸಿಯ ಕಾಲು ಮುರಿಯಿತು. 38ರ ಮೊರಾಲ್ ಉಳಿದ ಒಂಬತ್ತು ಪಂದ್ಯಗಳನ್ನೂ ಗೆಲ್ಲಿಸಿದ; ನಾಕೌಟ್‌ನ ಎರಡನ್ನೂ ಆರಂಭಿಸಿದವನು ಅವನೇ. ಸೂಪರ್ ಬೌಲ್ ಬಂತು, ಗ್ರೀಸಿಯ ಕಾಲೂ ಕೂಡಿತು. ಜಾಗ ಅವನಿಗೆ ವಾಪಸು.

ಮೊರಾಲ್‌ಗೆ ಮತ್ತೆ ಹೋಲ್ಡರ್ ಕೆಲಸ. 14–0 ಮುಂದಿರುವಾಗ 42 ಗಜದ ಒದೆತಕ್ಕೆ ಮಂಡಿಯೂರಿದ. ಒದ್ದ ಚೆಂಡು ಎದುರಾಳಿಗೆ ತಾಗಿ ಹಿಂದಕ್ಕೆ ಪುಟಿಯಿತು. ಇಪ್ಪತ್ತು ವರ್ಷದ ಹತ್ತಿರ ಚೆಂಡು ಎಸೆದೇ ಬದುಕಿದವನು ಪಕ್ಕದಲ್ಲೇ ಇರುವಾಗ, ಅದನ್ನೆತ್ತಿ ಎಸೆಯಲು ಹೊರಟವನು ಕಿಕರ್ ಗ್ಯಾರೊ ಯೆಪ್ರೆಮಿಯನ್! ಕೈಯಿಂದ ಜಾರಿ ಮೇಲೆ ಹಾರಿದ ಚೆಂಡನ್ನು ವಾಷಿಂಗ್ಟನ್‌ನ ಮೈಕ್ ಬಾಸ್ ಹಿಡಿದು 49 ಗಜ ಓಡಿದ. 14–7.

ಮಯಾಮಿ ಹೇಗೋ ಗೆದ್ದಿತು. ನನಗೆ ಮಾತ್ರ ಆ ಕಿಕರ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.