ಮಗಳನ್ನು ಆಟಕ್ಕೆ ಕರೆದುಕೊಂಡು ಹೋಗುವುದು ಸಂಸ್ಕೃತಿ ಉಳಿಸಲು ಅಲ್ಲ ಮಾರಾಯ್ರೆ

ಮಗಳ ಜೊತೆ ಯಕ್ಷಗಾನದ ಆಟಕ್ಕೆ ಹೋದಾಗಲೆಲ್ಲ ಯಾರಾದರೊಬ್ಬರು ಬಂದು ನನ್ನ ಬೆನ್ನು ತಟ್ಟುತ್ತಾರೆ. "ಒಳ್ಳೆ ಕೆಲಸ. ಕಾಸರಗೋಡಿನಲ್ಲಿ ಕನ್ನಡ ಉಳಿಯಬೇಕಾದರೆ ಹೀಗೇ ಆಗಬೇಕು." ನಾನು ಸುಮ್ನೆ ನಗುತ್ತೇನೆ. ನಿಜ ಹೇಳಬೇಕೆಂದರೆ ನನಗೆ ಆಟದಲ್ಲಿ ಹಾಡುವ ಭಾಗವತರ ಪದ ಕೇಳುವ ಹುಚ್ಚು. ಹೆಂಡತಿಗೆ ನಿದ್ದೆಗೆಟ್ಟರೆ ಆಗದು. ಒಬ್ಬನೇ ಹೋಗಲು ಬೇಜಾರು. ಮಗಳು ನನಗೆ ಜೊತೆ, ಅಷ್ಟೇ.

ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲೇ ಉಂಟು, ಆ ಹೆಮ್ಮೆ ನನಗೂ ಇದೆ. ಆದರೆ ಅದನ್ನು ಎಂಟು ವರ್ಷದ ಮಗುವಿನ ತಲೆಯ ಮೇಲೆ ಯಾಕೆ ಹೊರಿಸಬೇಕು? ಶಾಲೆ, ಟ್ಯೂಷನ್ ಸಾಲದು ಅಂತ ಆಟದ ನಡುವೆಯೂ "ಇದು ಯಾವ ರಾಗ? ಅಭಿಮನ್ಯುವಿನ ಅಮ್ಮ ಯಾರು?" ಎಂದು ಪರೀಕ್ಷೆ ಮಾಡುವ ಅಪ್ಪಂದಿರನ್ನು ನೋಡಿದ್ದೇನೆ. ಆ ಮಕ್ಕಳು ಮರುವರ್ಷ ಕಾಣುವುದಿಲ್ಲ.

ನನ್ನ ಮಗಳಿಗೆ ಪದ ಬೇಡ, ಚೆಂಡೆ ಬೇಕು. ರಂಗಸ್ಥಳದ ಬದಿಗೆ ಹೋಗಿ ನಿಲ್ಲುತ್ತಾಳೆ. ಒಂದು ದಿನ ಬಂದು ಹೇಳಿದಳು, "ಅಪ್ಪ, ಚೆಂಡೆಯವರು ಕೈ ನೋಡೋದೇ ಇಲ್ಲ. ವೇಷದವರ ಕಾಲನ್ನೇ ನೋಡ್ತಾರೆ." ಹೌದಲ್ವಾ! ವೇಷಧಾರಿ ಹಾರಿ ತಿರುಗುವ ಧಿಗಿಣವನ್ನು ಇನ್ನೂ ನಾಲ್ಕು ಸುತ್ತು ಹಾಕಿದರೆ ಚೆಂಡೆ ಮದ್ದಳೆಯೂ ಅಲ್ಲೇ ಅಷ್ಟು ಉದ್ದವಾಗಬೇಕು. ಎಷ್ಟು ಹೊತ್ತು ಕುಣಿಯಬೇಕೆಂದು ಯಾರೂ ಬರೆದುಕೊಟ್ಟಿರುವುದಿಲ್ಲ. ಇಷ್ಟು ವರ್ಷ ಆಟ ನೋಡಿದ ನಾನು ಭಾಗವತರ ಮುಖ ಬಿಟ್ಟು ಅತ್ತ ನೋಡಿದ್ದೇ ಕಡಿಮೆ. ಅದೇ ಪ್ರಸಂಗವನ್ನು ಮೊಬೈಲ್‌ನಲ್ಲಿ ಹಾಕಿಕೊಟ್ಟರೆ ಎರಡು ನಿಮಿಷಕ್ಕೆ ಎದ್ದು ಹೋಗುತ್ತಾಳೆ. ಕ್ಯಾಮೆರಾ ವೇಷವನ್ನಷ್ಟೇ ತೋರಿಸುತ್ತದೆ. ಎದೆಗೆ ಬಡಿಯುವ ಪೆಟ್ಟು ಸ್ಪೀಕರಿನ ಕಿರಿ ಬಾಯಲ್ಲಿ ಹೊರಡುವುದೂ ಇಲ್ಲ.

"ಹೆಣ್ಣು ಮಗುವಿಗೆ ರಾತ್ರಿ ಆಟ ಯಾಕೆ" ಎನ್ನುವವರೂ ಇದ್ದಾರೆ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ವೃತ್ತಿ ಮೇಳದಲ್ಲಿ ರಾತ್ರಿಯಿಡೀ ಕೂತು ಪದ ಹೇಳಿದವರು. ಹಾಗೆ ಕೇಳುವವರಿಗೆ ಇಷ್ಟು ಉತ್ತರ ಸಾಕು.

ನನ್ನ ತಕರಾರು ಬೇರೆ. ಸೌಂಡ್! ಪಡ್ರೆಯ ಬಲಿಪ ನಾರಾಯಣ ಭಾಗವತರು ಏರು ಶ್ರುತಿಗೆ ಹೆಸರಾದವರು. ಅಂಥ ಕಂಠಗಳು ಬೆಳೆದ ಊರಲ್ಲಿ ಈಗ ಸಣ್ಣ ಗದ್ದೆಯ ಆಟಕ್ಕೂ ಆಳೆತ್ತರದ ಸ್ಪೀಕರ್ ಪೆಟ್ಟಿಗೆ. ಕಡಿಮೆ ಮಾಡಿ ಎಂದರೆ "ಹಿಂದೆ ಕೂತವರಿಗೆ ಕೇಳಬೇಡವಾ" ಅಂತಾರೆ. ದುಡಿಯುವ ಜಾಗದಲ್ಲಿ ಕಿವಿಗೆ 85 ಡೆಸಿಬೆಲ್ ಸದ್ದು ದಿನಕ್ಕೆ 8 ಗಂಟೆ ಮಿತಿ ಎಂದು ಒಂದು ಲೆಕ್ಕ ಉಂಟು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ಇದು ದೊಡ್ಡವರ ಲೆಕ್ಕ. ಹಾಗಾಗಿ ಮಗಳಿಗೆ ಕಿವಿ ಮುಚ್ಚುವ ಇಯರ್‌ಮಫ್ ತಂದುಕೊಟ್ಟಿದ್ದೇನೆ. ಸ್ಪೀಕರ್ ಇರುವ ಬದಿಗೆ ಬಿಡುವುದಿಲ್ಲ. ನೋಡಿದವರು ನಗುತ್ತಾರೆ, ನಗಲಿ.

ಈಗ ಹೊಸ ಕತೆ ಶುರುವಾಗಿದೆ. ಕಾಞಂಗಾಡ್ ಕಡೆಯ ಒಂದು ಉತ್ಸವದಲ್ಲಿ ಮಗಳು ಮಲಯಾಳಿಗಳ ಪಂಚವಾದ್ಯ ಕೇಳಿದ್ದೇ ಕೇಳಿದ್ದು, ನಮ್ಮ ಚೆಂಡೆಗೆ ಎರಡನೇ ಸ್ಥಾನ. ತಿಮಿಲ, ಮದ್ದಳಂ, ಇಡಕ್ಕ, ಇಲತ್ತಾಳಂ, ಕೊಂಬು ಅಂತ ಐದೂ ಹೆಸರು ಬಾಯಿಗೆ ಬಂದಿದೆ. ಅದರಲ್ಲೂ ಆ ಬಾಗಿದ ಕೊಂಬು! ಬೆನ್ನು ತಟ್ಟುವವರು ಇದನ್ನು ಯಾವ ಖಾತೆಗೆ ಬರೆಯುತ್ತಾರೋ ಗೊತ್ತಿಲ್ಲ. ನನಗೆ ಪಂಚವಾದ್ಯ ಅಷ್ಟು ಹಿಡಿಸುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಕಾರು ತೆಗೆಯುತ್ತೇನೆ. ಈಗ ಅವಳಿಗೆ ಜೊತೆ ಬೇಕಲ್ಲ.